ನೆಟ್‌ವರ್ಕ್ ಇಲ್ಲ ಎಂದು ಬರೆಯುವ ಮೊದಲು

— ಸಿಗ್ನಲ್ ಅಳೆಯೋ ಈ ಆ್ಯಪ್ ಸರಿ ಇದೆಯಾ ಒಮ್ಮೆ ನೋಡು ಮಾರಾಯ್ತಿ. ಪಂಚಾಯ್ತಿ ಕಟ್ಟಡದಿಂದ ಮೋರಿವರೆಗೆ ನಕ್ಷೆ ಮೇಲೆ ಚುಕ್ಕೆ ಸಾಲಾಗಿ ಬಿದ್ದಿದೆ, ಹಸಿರು, ಹಳದಿ, ಅಲ್ಲಲ್ಲಿ ಕೆಂಪು. ಮೋರಿ ದಾಟಿದ ಮೇಲೆ ಅಂಗನವಾಡಿವರೆಗೆ ಒಂದು ಚುಕ್ಕೆಯೂ ಇಲ್ಲ. ಆಚೆ ಮತ್ತೆ ಶುರುವಾಗಿದೆ. ಟವರ್ ಬೇಕು ಅಂತ ಕೊಡೋ ಮನವಿಗೆ ಇದನ್ನೇ ಲಗತ್ತಿಸೋಣ ಅಂತಿದ್ದೇನೆ, ಇಷ್ಟು ದೂರ ನೆಟ್‌ವರ್ಕೇ ಇಲ್ಲ ಅಂತ.

— ಈಗಲೇ ಲಗತ್ತಿಸಬೇಡಿ ಮೇಷ್ಟ್ರೇ. ಆ ಜಾಗ ಖಾಲಿ ಬಿದ್ದದ್ದು ನೆಟ್‌ವರ್ಕ್ ಇಲ್ಲದ್ದಕ್ಕೋ, ಆ್ಯಪ್ ಅಳೆಯದೆ ಬಿಟ್ಟದ್ದಕ್ಕೋ ಅಂತ ನಕ್ಷೆ ನೋಡಿದರೆ ಗೊತ್ತಾಗಲ್ಲ. ನನ್ನ ಕೆಲಸವೇ ಇದು, ಜೀಪಿನಲ್ಲಿ ಫೋನ್ ಕಟ್ಟಿಕೊಂಡು ರಸ್ತೆ ರಸ್ತೆ ಅಳೆಯೋದು. ಇಂಥ ನಕ್ಷೆ ನನ್ನ ಮೇಜಿಗೆ ಬಂದರೆ ನಾನು ಮೊದಲು ಕೇಳೋದೂ ಅದನ್ನೇ. ಉತ್ತರ ಸಿಗದಿದ್ದರೆ ಆ ತುಂಡನ್ನ ಲೆಕ್ಕಕ್ಕೇ ತಗೊಳ್ಳಲ್ಲ. ನಿಮಗೆ ಯಾವ ಜಾಗ ಮುಖ್ಯವೋ ಅದೇ ಲೆಕ್ಕದಿಂದ ಹೊರಗೆ ಹೋಗ್ತದೆ.

— ಮತ್ತೆ ತಿಳಿಯೋದು ಹೇಗೆ?

— ನಕ್ಷೆ ಬಿಡಿ. ಆ್ಯಪಿನೊಳಗೆ ಲಾಗ್ ಅಂತ ಇರ್ತದೆ, ಎಕ್ಸ್‌ಪೋರ್ಟ್ ಒತ್ತಿದರೆ ಎಕ್ಸೆಲ್‌ನಲ್ಲಿ ತೆರೆಯೋ ಫೈಲ್ ಬರ್ತದೆ. ಪ್ರತಿ ಸಾಲಿನಲ್ಲೂ ಗಂಟೆ, ನಿಮಿಷ, ಸೆಕೆಂಡು, ಅಕ್ಷಾಂಶ, ರೇಖಾಂಶ, ಯಾವ ನೆಟ್‌ವರ್ಕು, ಯಾವ ಸೆಲ್ಲು, ಸಿಗ್ನಲ್ ಎಷ್ಟು. ಮೋರಿ ಹತ್ತಿರದ ಸಾಲು ಹುಡುಕಿ ಗಂಟೆ ಓದಿ.

— 10.14, ಎಂಟು ಸೆಕೆಂಡು. ಅದರ ಕೆಳಗಿನ ಸಾಲು 10.31.

— ನಡುವೆ ಸಾಲೇ ಇಲ್ವಾ?

— ಇಲ್ಲ.

— ಹಾಗಾದರೆ ಅಷ್ಟು ಹೊತ್ತು ಆ್ಯಪ್ ಓಡ್ತಾ ಇರಲಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಸಾಲು ಬೀಳಬೇಕಿತ್ತು. ಗಂಟೆ ಇರ್ತಿತ್ತು. ಜಾಗವೂ ಇರ್ತಿತ್ತು, ಯಾಕಂದರೆ ಜಿಪಿಎಸ್ ಬರೋದು ಉಪಗ್ರಹದಿಂದ, ಅದಕ್ಕೆ ಟವರಿನ ಹಂಗಿಲ್ಲ. ಸಿಗ್ನಲ್ ಇರಬೇಕಾದಲ್ಲಿ ಮಾತ್ರ ‘ಔಟ್ ಆಫ್ ಸರ್ವೀಸ್’ ಅಂತ ಬೀಳ್ತಿತ್ತು. ಸಾಲೇ ಇಲ್ಲ ಅಂದರೆ ಫೋನೇ ಆ್ಯಪನ್ನ ನಿಲ್ಲಿಸಿದೆ. ಮೋರಿ ಹತ್ತಿರ ಏನು ಮಾಡಿದಿರಿ?

— ಎಂತ ಮಾಡ್ಲಿಲ್ಲ. ಹನಿ ಶುರುವಾಯ್ತು ಅಂತ ಫೋನನ್ನ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿದೆ. ಅಂಗನವಾಡಿ ಜಗಲಿ ಮೇಲೆ ನಿಂತು ತೆಗೆದು ನೋಡಿದೆ.

— ಆಗಲೇ ಪರದೆ ಆರಿದ್ದು. ಪರದೆ ಆರಿದ ಮೇಲೆ ಆ್ಯಪ್‌ಗಳು ತಮ್ಮ ಪಾಡಿಗೆ ಓಡ್ತಾ ಇರೋದನ್ನ ಫೋನ್ ಸಹಿಸಲ್ಲ. 2015ರ ಆಂಡ್ರಾಯ್ಡ್ 6ರಲ್ಲಿ ಡೋಜ್ ಅಂತ ಒಂದು ಏರ್ಪಾಡು ತಂದರು, ಅಲುಗಾಡದೆ ಇಟ್ಟ ಫೋನಿನ ಆ್ಯಪ್‌ಗಳನ್ನ ಮಲಗಿಸೋಕೆ. ಮರುವರ್ಷ ಆಂಡ್ರಾಯ್ಡ್ 7ರಲ್ಲಿ ಜೇಬಿನಲ್ಲಿ ಓಡಾಡ್ತಿರೋ ಫೋನಿಗೂ ಅದನ್ನ ಸ್ವಲ್ಪ ಮಟ್ಟಿಗೆ ವಿಸ್ತರಿಸಿದರು. ಬ್ಯಾಟರಿ ಬಾಳಿಕೆ ಬರಬೇಕು ಅಂತ ಫೋನ್ ತಯಾರಿಸೋರು ಅದರ ಮೇಲೆ ತಮ್ಮದೇ ಬಿಗಿ ಸೇರಿಸ್ತಾರೆ. ನಮಗೆ ಅಳತೆ ಬೇಕಾದಾಗ ಅದನ್ನೆಲ್ಲ ಸಡಿಲ ಮಾಡಬೇಕು. ಸೆಟ್ಟಿಂಗ್ಸ್, ಆ್ಯಪ್ಸ್, ಈ ಆ್ಯಪಿನ ಹೆಸರು, ಬ್ಯಾಟರಿ. ಅಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಒತ್ತಿ. ನಿಮ್ಮ ಫೋನಿನಲ್ಲಿ ‘ಆಟೋಸ್ಟಾರ್ಟ್’ ಅಂತ ಬೇರೆ ಇದ್ದರೆ ಅದನ್ನೂ ಆನ್ ಮಾಡಿ. ಲೊಕೇಶನ್ ಪರ್ಮಿಷನ್ನಿನಲ್ಲಿ ‘ಅಲೋ ಆಲ್ ದ ಟೈಮ್’ ಇರಬೇಕು. ಆ್ಯಪ್ ಓಡ್ತಿರೋವಾಗ ಮೇಲ್ಗಡೆ ಒಂದು ನೋಟಿಫಿಕೇಶನ್ ನಿಂತಿರ್ತದೆ, ಕಿರಿಕಿರಿ ಅಂತ ಅದನ್ನ ಮುಚ್ಚಬೇಡಿ. ಓಡ್ತಿದೆಯಾ ಇಲ್ವಾ ಅಂತ ನಿಮಗೆ ತಿಳಿಸೋದು ಅದೊಂದೇ.

— ಇಷ್ಟೆಲ್ಲ ಮಾಡಿದರೆ ಜೇಬಿನಲ್ಲಿ ಇಟ್ಟುಕೊಂಡು ನಡೀಬಹುದಾ?

— ಆ್ಯಪ್ ಎಚ್ಚರವಾಗಿರ್ತದೆ. ಆದರೂ ಜೇಬಿಗೆ ಹಾಕಬೇಡಿ. ಪರದೆ ಆರಿದಾಗ ಸಿಗ್ನಲ್ ಏರಿಳಿತದ ಸುದ್ದಿಯನ್ನ ಆಂಡ್ರಾಯ್ಡ್ ಆ್ಯಪಿಗೆ ಕಮ್ಮಿ ಮುಟ್ಟಿಸ್ತದೆ. ನಿಮ್ಮ ದೇಹವೂ ಒಂದಿಷ್ಟು ಸಿಗ್ನಲ್ ಹೀರ್ತದೆ. ಪರದೆ ಬೆಳಗ್ತಾ ಇರಲಿ, ಫೋನ್ ಎದೆಯ ಎತ್ತರದಲ್ಲಿ ಇರಲಿ, ದಾರಿಯುದ್ದಕ್ಕೂ ಒಂದೇ ತರ ಹಿಡೀರಿ. ಕೆಳತುದಿಯನ್ನ ಮುಷ್ಟಿಯಲ್ಲಿ ಬಿಗಿಯಬೇಡಿ, ಎಷ್ಟೋ ಫೋನುಗಳಲ್ಲಿ ಆಂಟೆನಾ ಇರೋದು ಅಲ್ಲೇ.

— ಸರಿ. ಈಗ ಸೊಸೆಯ ಫೋನ್ ನೋಡು. ಅವಳದ್ದರಲ್ಲಿ ಸಾಲು ಎಲ್ಲೂ ತಪ್ಪಿಲ್ಲ. ಆದರೆ ಸೆಲ್ ನಂಬರ್ ಅಂತ ಇರೋ ಕಡೆ ಮೇಲಿಂದ ಕೆಳಗಿನವರೆಗೂ ಒಂದೇ ಸಂಖ್ಯೆ, 2147483647. ಸಿಗ್ನಲ್ ಕಾಲಮ್ಮಿನಲ್ಲೂ ಅಲ್ಲಲ್ಲಿ ಅದೇ ಬಂದಿದೆ. ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ! ಇದೆಂಥ ಸಿಗ್ನಲ್ಲು?

— ಎರಡರ ಘಾತ ಮೂವತ್ತೊಂದು ಎಷ್ಟಾಗ್ತದೆ ಅಂತ ಲೆಕ್ಕ ಹಾಕಿ, ಅದರಲ್ಲಿ ಒಂದು ಕಳೀರಿ. ಇದೇ ಬರ್ತದೆ. 32 ಬಿಟ್‌ಗಳಲ್ಲಿ ಚಿಹ್ನೆಗೆ ಒಂದು ಬಿಟ್ ಬಿಟ್ಟು ಹಿಡಿಸೋ ಅತಿ ದೊಡ್ಡ ಧನ ಪೂರ್ಣಾಂಕ. ‘ಈ ಮಾಹಿತಿ ಲಭ್ಯ ಇಲ್ಲ’ ಅನ್ನೋದಕ್ಕೆ ಆಂಡ್ರಾಯ್ಡ್ ಈ ಸಂಖ್ಯೆಯನ್ನ ಬಳಸ್ತದೆ. ಜಾಗ್ರತೆಯಿಂದ ಬರೆದ ಆ್ಯಪ್ ಅದನ್ನ ಗುರುತಿಸಿ ಅಡ್ಡಗೆರೆ ಹಾಕಿ ಬಿಡ್ತದೆ, ಇದು ಇದ್ದದ್ದನ್ನ ಇದ್ದ ಹಾಗೇ ಬರೆದಿದೆ. ನನಗೆ ಕೇಳಿದರೆ ಇದೇ ಒಳ್ಳೆಯದು. ಗೆರೆ ಹಾಕಿದ್ದರೆ ನೀವು ಅದನ್ನೂ ನೆಟ್‌ವರ್ಕ್ ಇಲ್ಲ ಅಂತ ಓದ್ತಿದ್ದಿರಿ.

— ಅವಳ ಫೋನಿಗೆ ಯಾಕೆ ಲಭ್ಯ ಇಲ್ಲ? ಹೊಸಾ ಫೋನು.

— ಎರಡು ಕಾಲಮ್ಮಿಗೆ ಎರಡು ಕಾರಣ. ಸೆಲ್ ನಂಬರ್ ದಾರಿಯುದ್ದಕ್ಕೂ ಇಲ್ಲ ಅಂದರೆ ಅದು ಪರ್ಮಿಷನ್ ದೋಷ. ಯಾವ ಸೆಲ್ಲಿಗೆ ಫೋನ್ ಹತ್ತಿದೆ ಅಂತ ತಿಳಿದರೆ ಆ ಮನುಷ್ಯ ಎಲ್ಲಿದ್ದಾನೆ ಅಂತಲೂ ತಿಳೀತದೆ. ಅದಕ್ಕೇ ಆಂಡ್ರಾಯ್ಡ್ ಸೆಲ್ ಮಾಹಿತಿಯನ್ನ ಲೊಕೇಶನ್ ಮಾಹಿತಿ ಅಂತಲೇ ಕಾಯ್ತದೆ. 2021ರ ಆಂಡ್ರಾಯ್ಡ್ 12ರಿಂದ ಪರ್ಮಿಷನ್ ಕೇಳೋವಾಗ ‘ಪ್ರಿಸೈಸ್’, ‘ಅಪ್ರಾಕ್ಸಿಮೇಟ್’ ಅಂತ ಎರಡು ಚಿತ್ರ ತೋರಿಸ್ತದೆ. ಎರಡನೆಯದನ್ನ ಒತ್ತಿದರೆ ಆ್ಯಪಿಗೆ ಸೆಲ್ ನಂಬರ್ ಸಿಗಲ್ಲ. ನಿಮ್ಮ ಸೊಸೆ ಅದನ್ನ ಒತ್ತಿರಬೇಕು. ಅದು ತಪ್ಪೇನಲ್ಲ, ಗುರುತಿಲ್ಲದ ಆ್ಯಪಿಗೆ ಯಾರೇ ಆದರೂ ಅಷ್ಟೇ ಕೊಡಬೇಕು. ಈ ಕೆಲಸಕ್ಕೆ ಮಾತ್ರ ‘ಪ್ರಿಸೈಸ್’ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ತೆಗೆದುಬಿಡಲಿ. ಪರ್ಮಿಷನ್ ಕೊಟ್ಟೂ ಮೇಲಿನ ಲೊಕೇಶನ್ ಬಟನ್ ಆಫ್ ಇದ್ದರೆ ಫಲ ಇಲ್ಲ, ಅದನ್ನೂ ನೋಡಿ.

— ಸಿಗ್ನಲ್ ಕಾಲಮ್ಮಿನಲ್ಲಿ ನಡುನಡುವೆ ಬಂದದ್ದು?

— ಆ ಸಾಲುಗಳಲ್ಲಿ ನೆಟ್‌ವರ್ಕ್ ಯಾವುದು ಅಂತ ಬರೆದಿದೆ, ಓದಿ.

— ಮೇಲಿನದ್ದರಲ್ಲಿ ಎಲ್‌ಟಿಇ. ಇದರಲ್ಲಿ... ಎಡ್ಜ್. ಕೆಳಗಿನದ್ದೂ ಎಡ್ಜ್.

— ಎಲ್‌ಟಿಇ ಅಂದರೆ 4ಜಿ, ಎಡ್ಜ್ ಅಂದರೆ 2ಜಿ. ಅಲ್ಲಿ 4ಜಿ ಕೈಬಿಟ್ಟು ಫೋನ್ 2ಜಿಗೆ ಇಳಿದಿದೆ. ಆ್ಯಪ್ ಮಾತ್ರ 4ಜಿಯ ಅಳತೆಯನ್ನೇ ಕೇಳ್ತಾ ಕೂತಿದೆ, ಅದು ಇಲ್ಲವಲ್ಲ, ಇನ್ನೂರ ಹದಿನಾಲ್ಕು ಕೋಟಿ ಬಂತು. ಮೇಷ್ಟ್ರೇ, ಇದು ನಿಮ್ಮ ಮನವಿಗೆ ಬಹಳ ಮುಖ್ಯವಾದ ಸಾಲು. ಅಲ್ಲಿ ಫೋನ್ ಮಾಡಿದರೆ ಹೋಗ್ತದೆ, ಡೇಟಾ ತೆವಳ್ತದೆ. ‘ನೆಟ್‌ವರ್ಕ್ ಇಲ್ಲ’ ಅಂತ ಬರೆದಿರಿ ಅನ್ನಿ. ಕಂಪನಿಯವರು ಬಂದು ಅಲ್ಲೇ ನಿಂತು ಒಂದು ಕರೆ ಮಾಡಿ ತೋರಿಸ್ತಾರೆ. ಅಲ್ಲಿಗೆ ಮನವಿ ಬಿದ್ದುಹೋಗ್ತದೆ. ‘4ಜಿ ಇಲ್ಲ, 2ಜಿ ಇದೆ’ ಅಂತ ಬರೆದರೆ ಅಲ್ಲಗಳೆಯೋಕೆ ಆಗಲ್ಲ. ‘ಎಮರ್ಜೆನ್ಸಿ ಓನ್ಲಿ’ ಅಂತ ಬಂದಿದ್ದರೆ ಅದೂ ಬೇರೆಯೇ. ನಿಮ್ಮ ಕಂಪನಿಯದ್ದು ಇಲ್ಲ, ಇನ್ಯಾರದ್ದೋ ಇದೆ, 112 ಕರೆಗೆ ಮಾತ್ರ ದಾರಿ ಇದೆ ಅಂತ ಅರ್ಥ.

— ಇಲ್ಲಿ ಇನ್ನೊಂದು ಇದೆ. ಶಾಲೆ ಏರಿನಲ್ಲಿ -97, -97, -97. ಮೇಲಿನ ಗದ್ದೆವರೆಗೂ ಅದೇ. ಅಲ್ಲಿ ಸಿಗ್ನಲ್ ಒಳ್ಳೆಯ ಸ್ಥಿರವಾಗಿದೆ ಅನ್ನಬಹುದಲ್ಲ?

— ಒಂದೇ ಕಡೆ ನಿಂತರೂ ಸಿಗ್ನಲ್ ಒಂದೆರಡು ಅಂಕಿ ಆಚೀಚೆ ಕುಣೀತಲೇ ಇರ್ತದೆ. ಮರ ಅಲ್ಲಾಡಿದರೆ, ಮೈ ತಿರುಗಿಸಿದರೆ ಬದಲಾಗ್ತದೆ. ಜಾಗ ಬದಲಾಗ್ತಾ ಹೋಗಿ ಅಂಕಿ ಕದಲದೇ ಇದ್ದರೆ ಅದು ಹಳಸಿದ ಅಂಕಿ. ಆಂಡ್ರಾಯ್ಡ್ 10ರಿಂದ ಈಚೆಗೆ, ಸುಮ್ಮನೆ ಕೇಳಿದರೆ ಫೋನ್ ತನ್ನ ಹತ್ತಿರ ಮೊದಲೇ ಇದ್ದ ಅಳತೆಯನ್ನೇ ಕೊಡ್ತದೆ. ಹೊಸದಾಗಿ ಅಳೆದು ಕೊಡು ಅಂತ ಆ್ಯಪ್ ಬೇರೆಯಾಗಿ ಕೇಳಬೇಕು. ಹಳೇ ಆ್ಯಪ್‌ಗಳು ಕೇಳಲ್ಲ, ಅಪ್‌ಡೇಟ್ ಇದೆಯಾ ನೋಡಿ. ಅನುಮಾನ ಬಂದ ಜಾಗದಲ್ಲಿ ನಿಂತು ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ತೆಗೆದರೆ ಫೋನ್ ತಾನೇ ತೋರಿಸೋ ಸಿಗ್ನಲ್ ಅಂಕಿ, ಡಿಬಿಎಂ, ಇರ್ತದೆ. ಎರಡೂ ತಾಳೆಯಾಗದಿದ್ದರೆ ಆ್ಯಪಿನ ಅಂಕಿ ಬಿಡಬೇಕು. ಫ್ಲೈಟ್ ಮೋಡ್ ಹಾಕಿ ತೆಗೆದರೆ ಫೋನ್ ಮೊದಲಿಂದ ಟವರ್ ಹುಡುಕ್ತದೆ, ಆಗ ಹಳೇದೆಲ್ಲ ಹೋಗ್ತದೆ.

— ಈ ಡಿಬಿಎಂ ಯಾಕೆ ಋಣ? -97ಕ್ಕಿಂತ -110 ಕಮ್ಮಿ ಅನ್ನೋದು ತಿಳೀತು. ಎಷ್ಟು ಕಮ್ಮಿ?

— ಒಂದು ಮಿಲಿವಾಟನ್ನ ಸೊನ್ನೆ ಅಂತ ಇಟ್ಟುಕೊಂಡಿದ್ದಾರೆ. ಹತ್ತು ಅಂಕಿ ಇಳಿದರೆ ಶಕ್ತಿ ಹತ್ತನೇ ಒಂದು ಭಾಗ, ಮೂರು ಇಳಿದರೆ ಸುಮಾರು ಅರ್ಧ. -90 ಅಂದರೆ ಒಂದು ವಾಟಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. -110 ಅಂದರೆ ಅದರಲ್ಲೂ ನೂರರಲ್ಲಿ ಒಂದು. ಅಷ್ಟು ಕ್ಷೀಣವಾದದ್ದನ್ನ ಹಿಡಿದು ಫೋನ್ ನಿಮ್ಮ ಮೊಮ್ಮಗಳ ಮುಖ ತೋರಿಸ್ತದೆ. ಎಷ್ಟು ವರ್ಷ ಅಳೆದರೂ ನನಗೆ ಅದರ ಬೆರಗು ಹೋಗಿಲ್ಲ.

— ಅದಕ್ಕಿಂತ ಕಡ್ಡಿ ಲೆಕ್ಕ ಸುಲಭ ಅಲ್ವಾ? ಎರಡು ಕಡ್ಡಿ, ಮೂರು ಕಡ್ಡಿ.

— ಕಡ್ಡಿಯನ್ನ ಮನವಿಯಲ್ಲಿ ಎಲ್ಲೂ ಬರೆಯಬೇಡಿ. ಕಡ್ಡಿಗೆ ಒಂದು ಅಳತೆ ಅಂತ ಯಾರೂ ಗೊತ್ತು ಮಾಡಿಲ್ಲ. ಆಂಡ್ರಾಯ್ಡಿನ ಮೂಲ ಲೆಕ್ಕದಲ್ಲಿ 4ಜಿಗೆ -98ರಿಂದ ಮೇಲೆ ನಾಲ್ಕು ಕಡ್ಡಿ, -108ರಿಂದ ಮೂರು, -118ರಿಂದ ಎರಡು, -128ರಿಂದ ಒಂದು. ಆದರೆ ಫೋನಿನವರೂ ಸಿಮ್ ಕಂಪನಿಯವರೂ ಅದನ್ನ ಬದಲಾಯಿಸಬಹುದು. ಒಂದೇ ಜಗಲಿ ಮೇಲೆ -112 ಇದ್ದಾಗ ನಿಮ್ಮ ಫೋನ್ ಎರಡು ತೋರಿಸಿ, ಪಕ್ಕದವರ ಫೋನ್ ಮೂರು ತೋರಿಸಬಹುದು. ಎರಡೂ ಸುಳ್ಳು ಹೇಳ್ತಿಲ್ಲ, ಅಷ್ಟೇ.

— ಒಂದು ಕಡೆ 2ಜಿಯಲ್ಲಿ -85 ಬಂದಿದೆ, 4ಜಿಯಲ್ಲಿ -103. ಹಾಗಾದರೆ 2ಜಿಯೇ ಗಟ್ಟಿ.

— ಆ ಎರಡನ್ನ ಹೋಲಿಸೋ ಹಾಗಿಲ್ಲ. 2ಜಿಯಲ್ಲಿ ಅಳೆಯೋದು ಆರ್‌ಎಸ್‌ಎಸ್‌ಐ, ಆ ಚಾನೆಲ್ಲಿನಲ್ಲಿ ಬಂದು ಬೀಳೋ ಒಟ್ಟು ಶಕ್ತಿ. 4ಜಿಯಲ್ಲಿ ಅಳೆಯೋದು ಆರ್‌ಎಸ್‌ಆರ್‌ಪಿ. 10 ಮೆಗಾಹರ್ಟ್ಜ್ ಅಗಲದ 4ಜಿಯನ್ನ 600 ಸಣ್ಣ ಎಳೆಗಳಾಗಿ ಸೀಳಿರ್ತಾರೆ, ಆರ್‌ಎಸ್‌ಆರ್‌ಪಿ ಅದರಲ್ಲಿ ಒಂದೇ ಎಳೆಯ ಶಕ್ತಿ. ಒಂದು ಕಡೆ ಇಡೀ ಗೊನೆ ತೂಗಿ, ಇನ್ನೊಂದು ಕಡೆ ಒಂದೇ ಅಡಿಕೆ ತೂಗಿದ ಹಾಗೆ. ಅದಕ್ಕೇ 4ಜಿಯ ಅಂಕಿ ಸಾಮಾನ್ಯವಾಗಿ ಕೆಳಗೆ ಕಾಣ್ತದೆ. ಮನವಿಗೆ ಹಾಕೋ ಪಟ್ಟಿಯಲ್ಲಿ 2ಜಿಗೆ ಒಂದು ಹಾಳೆ, 4ಜಿಗೆ ಒಂದು ಹಾಳೆ ಮಾಡಿ.

— ಇದನ್ನ ನೋಡು ಈಗ. ಆ್ಯಪ್ ನಕ್ಷೆಯಲ್ಲಿ ಟವರ್ ಚಿತ್ರ ಇಟ್ಟಿದೆ. ಎಲ್ಲಿ ಗೊತ್ತಾ? ಹಿನ್ನೀರಿನ ನಟ್ಟನಡುವೆ! ಅಲ್ಲಿ ಒಂದು ಗುಡ್ಡದ ತಲೆಯೂ ಇಲ್ಲ, ಬರೀ ನೀರು.

— ಟವರ್ ಎಲ್ಲಿದೆ ಅಂತ ಆ್ಯಪಿಗೆ ಗೊತ್ತಿಲ್ಲ ಮೇಷ್ಟ್ರೇ, ಕಂಪನಿಗಳು ಅದನ್ನ ಆ್ಯಪ್‌ಗಳಿಗೆ ಕೊಡಲ್ಲ. ಆ ಸೆಲ್ಲನ್ನ ಹಿಡಿದ ಫೋನುಗಳೆಲ್ಲ ಎಲ್ಲೆಲ್ಲಿದ್ದವು ಅಂತ ಕೂಡಿಸಿ, ಅದರ ನಡುವೆ ಎಲ್ಲೋ ಇರಬೇಕು ಅಂತ ಊಹಿಸ್ತದೆ. ನೀರಿನ ಆ ದಡದಲ್ಲೂ ಈ ದಡದಲ್ಲೂ ಜನ ಅದೇ ಟವರ್ ಹಿಡಿದಿದ್ದಾರೆ, ನಡುವೆ ಅಂದರೆ ನೀರೇ ಬಂತು. ಆ ಚಿತ್ರ ಬಿಡಿ, ಸೆಲ್ ನಂಬರ್ ಹಿಡೀರಿ. ನಿಮ್ಮ ಫೋನಿನ ಲಾಗಿನಲ್ಲಿ ಪಂಚಾಯ್ತಿ ಹತ್ತಿರ ಎಷ್ಟಿದೆ?

— 205313. ಶಾಲೆ ಹತ್ತಿರ 205315. ದಡದಲ್ಲಿ 311042.

— ಒಂದೊಂದನ್ನೂ 256ರಿಂದ ಭಾಗಿಸಿ.

— ತಡಿ... 256ಕ್ಕೆ 802, ಶೇಷ 1. ಎರಡನೆಯದು 802, ಶೇಷ 3. ಮೂರನೆಯದು 1215, ಶೇಷ 2.

— 4ಜಿಯಲ್ಲಿ ಭಾಗಲಬ್ಧ ಅಂದರೆ ನಿಲ್ದಾಣದ ಸಂಖ್ಯೆ, ಶೇಷ ಅಂದರೆ ಆ ನಿಲ್ದಾಣದ ಯಾವ ಸೆಲ್ಲು ಅನ್ನೋದು. ಸಾಮಾನ್ಯವಾಗಿ ಒಂದು ಟವರಿನಲ್ಲಿ ಮೂರು ದಿಕ್ಕಿಗೆ ಮೂರು ಆಂಟೆನಾ ಇರ್ತದೆ. ಅಂದರೆ ಪಂಚಾಯ್ತಿಗೂ ಶಾಲೆಗೂ ಒಂದೇ ಟವರ್, ಬೇರೆ ಬೇರೆ ಮುಖ. ದಡಕ್ಕೆ ಬರ್ತಿರೋದು ಬೇರೆಯೇ ಟವರ್. ನೀರಿನ ಮೇಲೆ ಅಡ್ಡ ಏನೂ ಇಲ್ಲ, ಆಚೆ ದಡದ್ದು ಇಲ್ಲಿವರೆಗೆ ಬರ್ತದೆ. ನಿಮ್ಮ ಕೇರಿಗೆ ಗುಡ್ಡ ಅಡ್ಡ, ಅದಕ್ಕೆ ಎರಡೂ ಮುಟ್ಟಲ್ಲ. ಈ ಮೂರು ಭಾಗಾಕಾರ ಮನವಿಯಲ್ಲಿ ಇರಲಿ. ಓದಿದ ಎಂಜಿನಿಯರ್ ತನ್ನ ಕಂಪ್ಯೂಟರಿನಲ್ಲಿ 802 ಅಂತ ಒತ್ತಿದರೆ ಟವರ್ ಕಣ್ಣೆದುರಿಗೆ ಬರ್ತದೆ. ಟವರಿನ ನಿಜವಾದ ಜಾಗ ಬೇಕಿದ್ದರೆ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಪೋರ್ಟಲ್ ಇದೆ, 2017ರಿಂದ.

— ಒಬ್ಬರು ಬಿಎಸ್‌ಎನ್‌ಎಲ್ 4ಜಿ ಬಂದಿದೆ ಅಂತಾರೆ, ಇನ್ನೊಬ್ಬರು ಅದೇ ಸಿಮ್ ಹಾಕಿಕೊಂಡು ಬಂದೇ ಇಲ್ಲ ಅಂತಾರೆ. ಒಂದೇ ಜಾಗದಲ್ಲಿ ನಿಂತು.

— ಬಂದೇ ಇಲ್ಲ ಅಂತ ಹೇಳೋರದ್ದು ಹಳೇ ಫೋನಾ ಕೇಳಿ. ಬಿಎಸ್‌ಎನ್‌ಎಲ್‌ನ 4ಜಿ 700 ಮೆಗಾಹರ್ಟ್ಜಿನ ಬ್ಯಾಂಡ್ 28ರಲ್ಲಿ, 2100ರ ಬ್ಯಾಂಡ್ 1ರಲ್ಲಿ ನಡೀತದೆ. ಬ್ಯಾಂಡ್ 28 ಇಲ್ಲದ ಫೋನುಗಳು ಇನ್ನೂ ಜನರ ಕೈಯಲ್ಲಿವೆ, ಅವಕ್ಕೆ 700ರಲ್ಲಿ ಬರೋ 4ಜಿ ಇದ್ದೂ ಕಾಣಲ್ಲ. ಆ 4ಜಿಯ ರೇಡಿಯೋ ಉಪಕರಣ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಮಾಡಿದ್ದು, ಆ ಕಾರಣಕ್ಕೆ ನನಗೆ ಅದರ ಮೇಲೆ ಒಂದು ಅಭಿಮಾನ. ಅದಿರಲಿ. ಆ್ಯಪಿನಲ್ಲಿ ಚಾನೆಲ್ ನಂಬರ್ ಇರ್ತದೆ: 9210ರಿಂದ 9659ರೊಳಗೆ ಇದ್ದರೆ 700, 2400ರಿಂದ 2649 ಆದರೆ 850, 38650ರಿಂದ 39649 ಆದರೆ 2300. ಕೆಳಗಿನ ಬ್ಯಾಂಡ್‌ಗಳು ಗುಡ್ಡದ ಮಗ್ಗುಲು ಬಳಸಿ, ಗೋಡೆ ದಾಟಿ ಬರ್ತವೆ; 2300 ಅಷ್ಟು ದೂರ ಬರಲ್ಲ. ಅಳೆದ ಫೋನಿನ ಮಾದರಿಯ ಹೆಸರೂ ಹಾಳೆಯಲ್ಲಿ ಇರಬೇಕು. ಇಲ್ಲದಿದ್ದರೆ ಫೋನಿನ ಕೊರತೆ ಊರಿನ ಕೊರತೆಯಾಗಿ ಕೂತುಬಿಡ್ತದೆ.

— ಮಗ ಬೆಂಗಳೂರಿಂದ ಬಂದಾಗ ಅವನ ಐಫೋನಿನಲ್ಲೂ ಅಳೆದು ನೋಡೋಣ ಅಂದುಕೊಂಡಿದ್ದೆ.

— ಐಫೋನಿನಲ್ಲಿ ಆ್ಯಪ್‌ಗಳಿಗೆ ಸಿಗ್ನಲ್ ಅಂಕಿ ಕೊಡಲ್ಲ. ಅಲ್ಲಿನ ಆ್ಯಪ್‌ಗಳು ಡೇಟಾ ವೇಗ ಅಳೀತವೆ ಅಷ್ಟೆ. *3001#12345#* ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ತೆರೆದು ಅಂಕಿ ಕಾಣ್ತದೆ, ಕೈಯಲ್ಲಿ ಬರೆದುಕೊಳ್ಳಬೇಕು. ಈ ಕೆಲಸಕ್ಕೆ ಆಂಡ್ರಾಯ್ಡೇ ಸಾಕು.

— ಇಷ್ಟೆಲ್ಲ ಸರಿ ಮಾಡಿದೆವು ಅಂತ ಇಟ್ಟುಕೋ. ಪಂಚಾಯ್ತಿ ಎದುರು -88 ಇರ್ತದೆ, ಆದರೂ ಮಧ್ಯಾಹ್ನದ ಮೇಲೆ ಒಂದು ಫೋಟೋ ಹೋಗಲ್ಲ. ಇದಕ್ಕೆ ಎಂತ ಹೇಳ್ತೀ?

— ಅದು ಸಿಗ್ನಲ್ಲಿನ ಮಾತಲ್ಲ. ಫೋನಿಗೂ ಟವರಿಗೂ ನಡುವಿನದ್ದನ್ನ ಮಾತ್ರ ಆ್ಯಪ್ ಅಳೀತದೆ. ಟವರಿಂದ ಆಚೆ ಕೇಬಲ್ ಕಡಿದಿದೆಯಾ, ಒಂದೇ ಟವರಿಗೆ ಜನ ಜಾಸ್ತಿ ಆದರಾ ಅನ್ನೋದು ಡಿಬಿಎಂನಲ್ಲಿ ಕಾಣಲ್ಲ. ಆರ್‌ಎಸ್‌ಆರ್‌ಪಿ ಚೆನ್ನಾಗಿದ್ದು ಎಸ್‌ಐಎನ್‌ಆರ್, ಅಂದರೆ ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಅನ್ನೋ ಅಂಕಿ, ಸೊನ್ನೆಯ ಹತ್ತಿರ ಇದ್ದರೆ ಬೇರೆ ಸೆಲ್ಲಿನ ಗದ್ದಲ. ಎರಡೂ ಚೆನ್ನಾಗಿದ್ದು ಡೇಟಾ ಹೋಗದಿದ್ದರೆ ತೊಂದರೆ ಟವರಿನ ಹಿಂದೆ. ಆಗ ಅದೇ ಜಾಗದಲ್ಲಿ ವೇಗವನ್ನೂ ಅಳೆದು ಪಕ್ಕದಲ್ಲಿ ಬರೀಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ ತಡೀತದೆ, ಆಮೇಲೆ ಅಲ್ಲಿ ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಎಲ್ಲ ಒಟ್ಟಿಗೆ ಹೋಗ್ತದೆ. ಕರೆಂಟು ಯಾವಾಗ ಹೋಯ್ತು, ಸಿಗ್ನಲ್ ಯಾವಾಗ ಹೋಯ್ತು ಅಂತ ಗಂಟೆ ಬರೆದಿಟ್ಟರೆ ಅದು ಬೇರೆಯೇ ದೂರಾಗ್ತದೆ. ಅದಕ್ಕೆ ಹೊಸ ಟವರ್ ಬೇಡ, ಇದ್ದ ಟವರಿಗೆ ಒಳ್ಳೆಯ ಬ್ಯಾಟರಿ ಬೇಕು.

— ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಆನ್‌ಲೈನ್ ಕ್ಲಾಸು ನಡೆದ 2020ರಲ್ಲಿ ಮಕ್ಕಳು ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿದ್ದರು. ಎಲ್ಲರೂ ಬಂದು ಫೋಟೋ ತೆಗೆದರು. ಈಗ ಕೇಳಿದರೆ, ನಿಮ್ಮದು ನೆಟ್‌ವರ್ಕ್ ಇರೋ ಊರು ಅಂತ ಕಾಗದದಲ್ಲಿದೆ ಅಂತಾರೆ.

— ಆ ಸಿಟ್ಟು ನನಗೂ ಇದೆ, ನಾನೂ ಆ ಶಾಲೆಯಲ್ಲೇ ಓದಿದವಳು. ನಮ್ಮ ಕಡೆ ಊರು ಅಂದರೆ ಒಂದು ಕಡೆ ಗುಂಪಾಗಿ ಇಲ್ಲ, ಒಂದು ಮನೆ ಈ ಕಣಿವೆಯಲ್ಲಿ, ಇನ್ನೊಂದು ಆ ಕಣಿವೆಯಲ್ಲಿ. ಪಂಚಾಯ್ತಿ ಹತ್ತಿರ -88 ಬಂದರೆ ಇಡೀ ಊರಿಗೆ ಬಂತು ಅಂತ ಆಗ್ತದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಕೊಡಲಿಕ್ಕೆ 26,316 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಅಂಥದ್ದರಲ್ಲಿ ಸೇರಬೇಕಾದರೆ ನಮ್ಮ ಕೇರಿಗೆ ಇಲ್ಲ ಅಂತ ತೋರಿಸಬೇಕಾದವರು ನಾವೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ನಿಯಮದ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನ ತೆಗೆದು, ಅವರು ಬಣ್ಣ ಬಳಿದ ಜಾಗದಲ್ಲಿ ನಮ್ಮ ಅಳತೆ ಏನು ಹೇಳ್ತದೆ ಅಂತ ಪಕ್ಕದಲ್ಲಿ ಇಡಿ. ಪೊಳ್ಳು ಸಾಲು ಒಂದೂ ಇರಬಾರದು ಅಂತ ನಾನು ಹಟ ಹಿಡಿಯೋದು ಅದಕ್ಕೇ. ಒಂದು ಪೊಳ್ಳು ಸಿಕ್ಕಿದರೆ ಉಳಿದದ್ದನ್ನ ಓದೋರಿಲ್ಲ.

— ಹಾಗಾದರೆ ಆ ಹದಿನೇಳು ನಿಮಿಷಕ್ಕೆ ಎಂತ ಬರೀಲಿ?

— ‘ಅಳತೆ ಆಗಿಲ್ಲ’ ಅಂತ. ‘ಔಟ್ ಆಫ್ ಸರ್ವೀಸ್’ಗೆ ಒಂದು ಬಣ್ಣ, ‘4ಜಿ ಇಲ್ಲ, 2ಜಿ ಇದೆ’ ಅನ್ನೋದಕ್ಕೆ ಒಂದು, ‘ಅಳತೆ ಆಗಿಲ್ಲ’ಕ್ಕೆ ಬಿಳಿ. ಮತ್ತೊಮ್ಮೆ ನಡೆದ ಮೇಲೆ ಬಿಳಿ ತಾನಾಗಿ ತುಂಬ್ತದೆ. ಈ ಸಲ ಎರಡು ಫೋನು, ಎರಡು ಕಂಪನಿಯ ಸಿಮ್ಮು. ಒಂದೇ ಫೋನಿನಲ್ಲಿ ಎರಡೂ ಸಿಮ್ ಹಾಕಬೇಡಿ, ಯಾವ ಸಿಮ್ಮಿನ ಅಂಕಿ ಯಾವುದು ಅಂತ ಈ ಆ್ಯಪ್‌ಗಳು ಆಗಾಗ ಕಲಸಿಬಿಡ್ತವೆ. ಪವರ್ ಬ್ಯಾಂಕ್ ನಾನು ಕೊಡ್ತೇನೆ, ಪರದೆ ಬೆಳಗ್ತಾ ಇದ್ದರೆ ಬ್ಯಾಟರಿ ಬೇಗ ಇಳೀತದೆ.

— ಸೋಮವಾರ ರೇಷನ್ ಕೊಡೋ ದಿನ. ಅವತ್ತು ನಡೆದರೆ ಹೇಗೆ? ಬೆರಳು ಒತ್ತಲಿಕ್ಕೆ ಮುದುಕರೆಲ್ಲ ಅಂಗಡಿ ಎದುರು ಕಾದಿರ್ತಾರೆ, ಸರ್ವರ್ ಇಲ್ಲ ಅಂತ ವಾಪಸ್ ಕಳಿಸ್ತಾರೆ.

— ಅವತ್ತೇ ನಡೀರಿ, ಆ ಹೊತ್ತಿಗೇ. ಅಂಗಡಿಯಲ್ಲಿ ಹೊರಗೆ ನಿಂತು ಅಳೆಯೋದು ಬೇಡ, ಆ ಕಟ್ಟಡಕ್ಕೆ ತಗಡಿನ ಮಾಡು, ಒಳಗೆ ಸಿಗ್ನಲ್ ಬೇರೆಯೇ ಇರ್ತದೆ. ಬೆರಳಚ್ಚಿನ ಯಂತ್ರ ಇಡೋ ಮೇಜಿನ ಮೇಲೇ ಫೋನ್ ಇಟ್ಟು ಸ್ವಲ್ಪ ಹೊತ್ತು ಬಿಡಿ. ಆ ಯಂತ್ರದಲ್ಲಿ ಯಾವ ಕಂಪನಿಯ ಸಿಮ್ ಇದೆ ಅಂತ ಅಂಗಡಿಯವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಅದೇ ಕಂಪನಿ ಸಿಮ್ ಇರೋ ಫೋನನ್ನೇ ಅಲ್ಲಿ ಇಡಬೇಕು.